ಪಂಪು ಬಿಚ್ಚುವ ಕೈಗೆ ಬಾನೆಟ್ ಭಾರವೇ?

ಇವತ್ತು ಶಿವಮೊಗ್ಗದಲ್ಲಿ ಒಂದು ಸರ್ವಿಸ್ ಸೆಂಟರಿನ ಸೋಫಾದಲ್ಲಿ ಕುಳಿತು ದೊಡ್ಡಪ್ಪನ ಮಗನ ಕಾರಿನ ಬಿಲ್ ಓದಿದೆ. ಆಗ ಏರಿದ ಸಿಟ್ಟು ಇನ್ನೂ ಇಳಿದಿಲ್ಲ. ವೈಪರ್ ಬ್ಲೇಡ್ ಬದಲಿಸಿದ್ದಕ್ಕೆ ಕೂಲಿ. ಏರ್ ಫಿಲ್ಟರ್ ಬದಲಿಸಿದ್ದಕ್ಕೆ ಕೂಲಿ. ಎ.ಸಿ. ಫಿಲ್ಟರಿಗೆ ಬೇರೆಯದೇ ಕೂಲಿ. ಅದರ ಕೆಳಗೆ ‘ದುರ್ವಾಸನೆ ನಿವಾರಣಾ ಚಿಕಿತ್ಸೆ’ ಎಂದು ಪ್ರಕೃತಿ ಚಿಕಿತ್ಸಾಲಯದ ಫಲಕದಂಥ ಇನ್ನೊಂದು ಸಾಲು. ಕೂಲಿಯ ಮೇಲೆ ಶೇಕಡ 18 ಜಿಎಸ್‌ಟಿ. ನಮ್ಮವನು ಮರುಮಾತಿಲ್ಲದೆ ಮೊಬೈಲ್ ತೆಗೆದು ಹಣ ಕಳುಹಿಸಿದ. ‘ನಮಗೆಲ್ಲಿ ಗೊತ್ತಾಗುತ್ತದೆ ಮಾರಾಯ ಇದೆಲ್ಲ’ ಎಂದ.

ಗೊತ್ತಾಗುವುದಿಲ್ಲವಂತೆ! ಈತ ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರ. ಔಷಧಿ ಹೊಡೆಯುವ ಪಂಪಿನಲ್ಲಿ ಒತ್ತಡ ಬರದಿದ್ದರೆ ಜಗಲಿಯ ಮೇಲೆ ಗೋಣಿ ಹಾಸಿ ಅದನ್ನು ಬಿಚ್ಚಿ, ವಾಷರ್ ಬದಲಿಸಿ, ಊಟದ ಹೊತ್ತಿಗೆ ಮತ್ತೆ ತೋಟಕ್ಕಿಳಿಸುತ್ತಾನೆ. ಕಳೆ ಕೊಚ್ಚುವ ಯಂತ್ರದ ಸ್ಪಾರ್ಕ್ ಪ್ಲಗ್, ಕಾರ್ಬುರೇಟರ್ ಎಲ್ಲವೂ ಅವನ ಬೆರಳ ತುದಿಯಲ್ಲಿವೆ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಮಾಡುವಾಗ ನೋಡಬೇಕು ಅವನನ್ನು. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ. ಕೊನೆಗೆ ಕತ್ತಿಯನ್ನು ಅದ್ದಿ, ಅಲಗಿನ ಮೇಲೆ ತಾಮ್ರ ಕೂತರೆ ‘ಸುಣ್ಣ ಸಾಲದು’ ಎಂದು ತೀರ್ಪು ಕೊಡುತ್ತಾನೆ. ಇಷ್ಟು ಬಲ್ಲವನಿಗೆ ಕಾರಿನ ಬಾನೆಟ್ ತೆರೆಯುವ ಹಿಡಿ ಎಲ್ಲಿದೆ ಎಂದು ನಾನು ತೋರಿಸಬೇಕಾಯಿತು.

ಏರ್ ಫಿಲ್ಟರ್ ಎಂದರೆ ಏನು? ಬಹಳಷ್ಟು ಕಾರುಗಳಲ್ಲಿ ಅದು ನಾಲ್ಕಾರು ಕ್ಲಿಪ್ ಇರುವ ಪ್ಲಾಸ್ಟಿಕ್ ಪೆಟ್ಟಿಗೆ. ಕ್ಲಿಪ್ ಎತ್ತಿ, ಹಳೆಯದನ್ನು ತೆಗೆದು, ಪೆಟ್ಟಿಗೆಯ ತಳದ ಕಸವನ್ನು ಬಟ್ಟೆಯಲ್ಲಿ ಒರೆಸಿ, ಹೊಸದನ್ನು ಕೂರಿಸಿದರೆ ಮುಗಿಯಿತು. ಎ.ಸಿ. ಫಿಲ್ಟರ್ ಹೆಚ್ಚಿನ ಕಾರುಗಳಲ್ಲಿ ಎಡಗಡೆಯ ಡ್ಯಾಶ್‌ಬೋರ್ಡ್ ಪೆಟ್ಟಿಗೆಯ ಹಿಂದೆ ಇರುತ್ತದೆ. ಗಾಳಿ ಹರಿಯುವ ದಿಕ್ಕಿಗೆ ಅದರ ಮೇಲೆಯೇ ಬಾಣದ ಗುರುತು ಹಾಕಿರುತ್ತಾರೆ. ಅದಕ್ಕಿಂತ ಹೆಚ್ಚು ಯಾರು ಹೇಳಿಕೊಡಬೇಕು?

ಆ ದುರ್ವಾಸನೆಯ ಕಥೆಯನ್ನೂ ಕೇಳಿ. ಕಾರು ವರ್ಷವಿಡೀ ಹಲಸಿನ ಮರದ ಕೆಳಗೆ ನಿಲ್ಲುತ್ತದೆ. ಮುಂಗಾಜಿನ ಬುಡದಲ್ಲಿ, ವೈಪರಿನ ಕೆಳಗಿನ ಜಾಲರಿಯಲ್ಲಿ ಎಲೆ ಬಿದ್ದು ಕೊಳೆಯುತ್ತದೆ. ನೀರು ಹೋಗುವ ತೂತು ಮುಚ್ಚುತ್ತದೆ. ಕಾರಿನೊಳಕ್ಕೆ ಬರುವ ಹೊರಗಾಳಿ ಅಲ್ಲಿಂದಲೇ ಬರಬೇಕು. ಜೂನ್ ಮುಗಿಯುವಷ್ಟರಲ್ಲಿ ಫಿಲ್ಟರಿಗೆ ಬೂಷ್ಟು ಹಿಡಿಯದೆ ಇನ್ನೇನಾಗುತ್ತದೆ? ಜೊತೆಗೆ ಇಲಿಗಳು. ಅಡಿಕೆ ಸಿಪ್ಪೆಯ ನಾರು ತಂದು ಅಲ್ಲೇ ಬಾಣಂತನ ಮಾಡಿಕೊಳ್ಳುತ್ತವೆ, ಬಾಯಿ ಸುಮ್ಮನಿರದೆ ವೈರ್ ಕಡಿಯುತ್ತವೆ. ಇದಕ್ಕೆ ಚಿಕಿತ್ಸೆ ಒಂದು ಹಿಡಿ ಎಲೆ ಬಾಚಿ ತೆಗೆಯುವುದು, ಬಾಗಿಲುಗಳ ತಳದಲ್ಲಿರುವ ನೀರಿನ ಕಿಂಡಿಗಳಿಗೆ ಹಿಡಿಕಡ್ಡಿ ಹಾಕಿ ಕೆಸರು ಬಿಡಿಸುವುದು, ವಾರಕ್ಕೊಮ್ಮೆ ಬಾನೆಟ್ ಎತ್ತಿ ನೋಡುವುದು. ಸುಗಂಧ ಸಿಂಪಡಿಸಿ ದುಡ್ಡು ಇಸಿದುಕೊಂಡವರ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಅವರ ವ್ಯಾಪಾರ ಅವರದು. ಕೊಟ್ಟವನ ಮೇಲಿದೆ.

‘ವಾರಂಟಿ ಹೋಗುತ್ತದೆ’ ಎನ್ನುವವರು ಈಗ ಬರುತ್ತೀರಿ. ವಾರಂಟಿ ಇರುವಾಗ ನಿಗದಿತ ಸರ್ವಿಸನ್ನು ಅವರಲ್ಲೇ ಮಾಡಿಸಿ, ಬಿಲ್ ಇಟ್ಟುಕೊಳ್ಳಿ, ಬೇಡ ಎಂದವರು ಯಾರು? ವೈಪರ್ ಬದಲಿಸಿದ್ದಕ್ಕೆ ಎಂಜಿನ್ ವಾರಂಟಿ ಹೋದದ್ದನ್ನು ನಾನಂತೂ ಕೇಳಿಲ್ಲ. ಅದೂ ಅಲ್ಲದೆ ನಮ್ಮವನ ಕಾರಿನ ವಾರಂಟಿ ಮುಗಿದು ಕಾಲವಾಯಿತು. ‘ಸಮಯವೆಲ್ಲಿದೆ’ ಎನ್ನುವವರಿಗೆ ಉತ್ತರವನ್ನೇ ಕೊಡುವುದಿಲ್ಲ. ಅರ್ಧ ದಿನ ಆ ಸೋಫಾದಲ್ಲಿ ಯಂತ್ರದ ಚಹಾ ಕುಡಿಯಲು ಸಮಯವಿತ್ತಲ್ಲ.

ಹಾಗೆಂದು ಯೂಟ್ಯೂಬ್ ನೋಡಿ ಬ್ರೇಕ್ ಬಿಚ್ಚುವ ಶೂರರನ್ನೂ ನಾನು ಹೊಗಳುವುದಿಲ್ಲ. ನನ್ನ ಲೆಕ್ಕ ಸರಳ. ನನ್ನ ಕೈತಪ್ಪಿನಿಂದ ಕಾರು ಅಂಗಳದಲ್ಲಿ ಹೊರಡದೆ ನಿಂತರೆ ಅಡ್ಡಿಯಿಲ್ಲ, ಆ ಕೆಲಸ ನನ್ನದು. ಕೈತಪ್ಪಿನಿಂದ ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಕಾರು ನಿಲ್ಲದೆ ಹೋದೀತು ಎಂದರೆ ಅದು ಮೆಕ್ಯಾನಿಕ್‌ನದು. ಬ್ರೇಕ್ ದ್ರವ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ನಮ್ಮ ಮಳೆಗಾಲದಲ್ಲಿ ತೇವಕ್ಕೇನು ಬರ? ಡಾಟ್ 4 ಎಂಬ ದರ್ಜೆಯ ಬ್ರೇಕ್ ದ್ರವ ಹೊಸದಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು. ನೀರು ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಇಳಿಜಾರಿನುದ್ದಕ್ಕೂ ಬ್ರೇಕ್ ತುಳಿದುಕೊಂಡೇ ಹೋದರೆ ದ್ರವ ಕುದಿದು ಆವಿಯಾಗಿ ಪೆಡಲ್ ಮೆತ್ತಗಾಗುತ್ತದೆ. ಆಮೇಲೆ ದೇವರೇ ಗತಿ. ಹಾಗಾಗಿ ಡಬ್ಬಿಯ ಹೊರಗಿನಿಂದ ಮಟ್ಟ ನೋಡುವುದು ಮಾತ್ರ ನನ್ನ ಕೆಲಸ. ಮುಚ್ಚಳವನ್ನೂ ತೆರೆಯುವುದಿಲ್ಲ. ಎರಡು ವರ್ಷಕ್ಕೊಮ್ಮೆ ಬದಲಿಸಲು ಕೊಡುತ್ತೇನೆ, ಆ ಕೂಲಿಗೆ ಚೌಕಾಸಿ ಮಾಡುವುದಿಲ್ಲ. ಏರ್‌ಬ್ಯಾಗಿನ ಹಳದಿ ವೈರ್‌ಗಳ ತಂಟೆಗೂ ಹೋಗುವುದಿಲ್ಲ.

ಎಂಜಿನ್ ಆಯಿಲ್ ಬದಲಿಸುವುದು ಕಷ್ಟವಲ್ಲ, ಆದರೂ ಮನೆಯಲ್ಲಿ ಬೇಡ. ತೆಗೆದ ಕರಿ ಎಣ್ಣೆಯನ್ನು ಎಲ್ಲಿ ಚೆಲ್ಲುತ್ತೀರಿ? ಬೇಲಿಯ ಗೂಟಕ್ಕೆ ಗೆದ್ದಲು ಹಿಡಿಯದಿರಲಿ ಎಂದು ಒಂದಿಷ್ಟು ಬಳಿಯುತ್ತೀರಿ, ಉಳಿದದ್ದು ತೋಟದ ಬಸಿಗಾಲುವೆಗೆ, ಅಲ್ಲಿಂದ ಹಳ್ಳಕ್ಕೆ, ಹಳ್ಳದಿಂದ ತುಂಗೆಗೆ. ನಿಜ ಹೇಳಬೇಕೆಂದರೆ ಇನ್ನೊಂದು ಕಾರಣವೂ ಇದೆ. ಜಾಕ್ ಮೇಲೆ ನಿಂತ ಕಾರಿನ ಅಡಿಗೆ ನಾನು ತಲೆ ಹಾಕುವುದಿಲ್ಲ. ಮಳೆ ನೆನೆದ ನಮ್ಮ ಅಂಗಳದಲ್ಲಿ ಜಾಕ್ ಎತ್ತ ವಾಲುತ್ತದೆಂದು ಹೇಳಲಾಗದು. ಹೆದರುಪುಕ್ಕಲ ಎನ್ನಿ, ಬೇಸರವಿಲ್ಲ.

ಬಿಲ್ಲಿನಲ್ಲಿ ಇಷ್ಟೆಲ್ಲ ಸಾಲುಗಳಿದ್ದವಲ್ಲ, ಟೈರಿನ ಬಗ್ಗೆ ಒಂದು ಅಕ್ಷರವಿರಲಿಲ್ಲ. ಹೊರಗೆ ಬಂದು ನೋಡಿದರೆ ಮುಂದಿನ ಎರಡರಲ್ಲೂ ತೋಡಿನ ನಡುವಿನ ಸವೆತದ ಗುಬುಟುಗಳು ರಬ್ಬರಿನ ಸಮಕ್ಕೆ ಬಂದಿದ್ದವು. ಅಂದರೆ ತೋಡಿನ ಆಳ ಕಾನೂನು ಹೇಳುವ ಕನಿಷ್ಠ 1.6 ಮಿಲಿಮೀಟರಿಗೆ ಇಳಿದಿತ್ತು. ಇದೇ ಟೈರಿನಲ್ಲಿ ಮಂಡಗದ್ದೆಯ ತಿರುವುಗಳನ್ನು ಮಳೆಯಲ್ಲಿ ದಾಟಿ ಬಂದಿದ್ದ ಪುಣ್ಯಾತ್ಮ! ಗಾಳಿ ಯಾವಾಗ ನೋಡಿದ್ದು ಎಂದು ಕೇಳಿದರೆ ‘ಬಂಕಿನವರು ಹಾಕುತ್ತಾರಲ್ಲ’ ಎಂದ. ಎಷ್ಟು ಗಾಳಿ ಬೇಕೆಂದು ಚಾಲಕನ ಬಾಗಿಲ ಕಂಬದಲ್ಲೇ ಚೀಟಿ ಅಂಟಿಸಿರುತ್ತಾರೆ. ಅದು ಬೆಳಿಗ್ಗೆ ಕಾರು ಹೊರಡುವ ಮೊದಲು, ಟೈರ್ ತಣ್ಣಗಿದ್ದಾಗಿನ ಲೆಕ್ಕ. ಬಂಕ್ ಮುಟ್ಟುವಷ್ಟರಲ್ಲಿ ಟೈರ್ ಬಿಸಿಯಾಗಿ ಒತ್ತಡ ಹೆಚ್ಚು ತೋರಿಸುತ್ತದೆ.

ಮನೆಯಲ್ಲೇ ನೋಡಲು ಗೇಜ್ ಬೇಕಾದವರು ನನ್ನದನ್ನು ಒಯ್ಯಬಹುದು. ಆದರೆ ಹೋದ ಮಳೆಗಾಲದಲ್ಲಿ ಒಯ್ದವರು ಇನ್ನೂ ವಾಪಸು ಕೊಟ್ಟಿಲ್ಲ. ಯಾರೆಂದು ನನಗೆ ಗೊತ್ತಿದೆ, ಈ ಬರಹಕ್ಕೆ ಮೊದಲ ಲೈಕ್ ಒತ್ತುವವರೂ ಅವರೇ.