ಕಂಬ ಖಾಲಿ ಬಿಡಬಾರದು

ನಾಲ್ಕು ವರ್ಷದ ಮಗಳಿಗೆ ಮನೆ ಹಿಂದೆ ಒಂದು ಉಯ್ಯಾಲೆ, ಒಂದು ಜಾರುಬಂಡಿ, ಹತ್ತೋಕೆ ಒಂದು ಪುಟ್ಟ ಅಟ್ಟ ಮಾಡಿಸ್ತೀನಿ ಅಂದಾಗ ಮನೆಯಲ್ಲಿ ಯಾರೂ ಬೇಡ ಅನ್ನಲಿಲ್ಲ. ನನಗೆ ಅಲ್ಲೇ ಅನುಮಾನ ಬರಬೇಕಿತ್ತು. ನಮ್ಮನೆಗೆ ಹೊಸ ಬಕೆಟ್ ತರುವುದಕ್ಕೂ ಎರಡು ದಿನ ಚರ್ಚೆ ಆಗುತ್ತದೆ.

ನಮ್ಮದು ಕೊಡಗಿನ ಸುಂಟಿಕೊಪ್ಪದ ಹತ್ತಿರ ಸಣ್ಣ ರೋಬಸ್ಟಾ ಕಾಫಿ ತೋಟ. ಎಲ್ಲಿ ನೋಡಿದರೂ ಮರ. ಆದರೆ ಮಗು ಹತ್ತುವಂಥದ್ದು ಒಂದೂ ಇಲ್ಲ. ಸಿಲ್ವರ್ ಮರ ದೀಪದ ಕಂಬದ ಹಾಗೆ ನೆಟ್ಟಗೆ ಹೋಗುತ್ತದೆ, ಅದರ ಮೈತುಂಬ ಮೆಣಸಿನ ಬಳ್ಳಿ. ಬಳ್ಳಿಯ ಹತ್ತಿರ ಮಗು ಹೋದರೆ ನಮ್ಮಮ್ಮ ಕೂಗುತ್ತಾರೆ, ಮಗುವಿಗಾಗಿ ಅಲ್ಲ, ಬಳ್ಳಿಗಾಗಿ. ಇನ್ನು ಹಲಸಿನ ಮರ. ನಾನು ಚಿಕ್ಕವನಿದ್ದಾಗ ಅದರ ಕೊಂಬೆಗೇ ಬಾವಿ ಹಗ್ಗ ಕಟ್ಟಿ ಜೀಕುತ್ತಿದ್ದೆ. ಈಗ ಹಣ್ಣಿನ ವಾಸನೆಗೆ ಆನೆ ಅಲ್ಲಿಗೇ ಬರುತ್ತದೆ. ಆನೆ ಬರದಿದ್ದರೆ ಹಣ್ಣು ಬೀಳುತ್ತದೆ. ಎರಡೂ ತಲೆಗೆ ಒಳ್ಳೆಯದಲ್ಲ.

ಹಾಗಾಗಿ ಆಚಾರಿಯನ್ನು ಕರೆಸಿದೆ. ನಮ್ಮ ಮನೆಯ ಬಾಗಿಲು ಮಾಡಿದವರೂ ಅವರೇ. ಮರ ಯಾವುದು ಅನ್ನುವುದೇ ಮೊದಲ ಪ್ರಶ್ನೆ. ಬೀಟೆ ತೋಟದಲ್ಲೇ ಇದ್ದರೂ ಅನುಮತಿ ಇಲ್ಲದೆ ಕೊಡಲಿ ಮುಟ್ಟಿಸುವ ಹಾಗಿಲ್ಲ. ಅನುಮತಿ ಸಿಗುವಷ್ಟರಲ್ಲಿ ಮಗಳು ಕಾಲೇಜಿಗೆ ಹೋಗಿರುತ್ತಾಳೆ. ಹಿಂದಿನ ವರ್ಷ ಗಾಳಿಗೆ ಬಿದ್ದ ಸಿಲ್ವರ್ ಮರ ಎರಡು ಕೊಟ್ಟಿಗೆಯ ಪಕ್ಕ ಒಣಗಿ ಬಿದ್ದಿದ್ದವು. ಅದನ್ನೇ ತೋರಿಸಿದೆ. ಆಚಾರಿ ಉಗುರಿನಿಂದ ಕೆರೆದು ನೋಡಿದರು.

"ಆಗುತ್ತೆ. ಆದ್ರೆ ಸಿಲ್ವರ್ ಅಂದ್ರೆ ಗೆದ್ದಲಿಗೆ ಚಕ್ಕುಲಿ ಇದ್ದ ಹಾಗೆ ಅಣ್ಣ."

ಅದಕ್ಕೆ ಕಂಬಗಳ ಬುಡವನ್ನು ಎರಡು ಅಡಿಯಷ್ಟು ಬೆಂಕಿಯಲ್ಲಿ ಕರಿ ಆಗುವವರೆಗೆ ಸುಟ್ಟು, ಟಾರು ಬಳಿದು, ಕಾಂಕ್ರೀಟ್ ಹಾಕಿ ನಿಲ್ಲಿಸಿದರು. ಎಂಟು ಅಡಿ ಎತ್ತರದಲ್ಲಿ ಅಡ್ಡತೊಲೆ, ಅದಕ್ಕೆ ಎರಡೂ ಕಡೆ ಕಾಲು ಅಗಲಿಸಿ ನಿಂತ ಜೋಡಿ ಕಂಬ. ಕಾಲು ಅಗಲಿಸಿ ನಿಲ್ಲದಿದ್ದರೆ ಉಯ್ಯಾಲೆ ಜೊತೆ ಕಂಬವೂ ಜೀಕುತ್ತದೆ ಅಂದರು.

ಜಾರುಬಂಡಿಯ ಬಗ್ಗೆ ನಾನು ಮೊಬೈಲ್‌ನಲ್ಲಿ ಸಾಕಷ್ಟು ಓದಿಕೊಂಡಿದ್ದೆ. ಸಣ್ಣ ಮಕ್ಕಳಿಗೆ ಇಳಿಜಾರು 30 ಡಿಗ್ರಿ ದಾಟಬಾರದು ಅಂತ ಗತ್ತಿನಿಂದ ಹೇಳಿದೆ.

"ಡಿಗ್ರಿ ಎಲ್ಲ ನಂಗೊತ್ತಿಲ್ಲ. ಅಟ್ಟ ಎಷ್ಟು ಎತ್ತರ?"

"ನಾಲ್ಕು ಅಡಿ."

"ತಗಡು ಎಂಟು ಅಡಿ ಬರುತ್ತೆ. ಎತ್ತರದ ಎರಡರಷ್ಟು ಇಳಿಜಾರು. ಮುಗೀತು."

ರಾತ್ರಿ ಊಟ ಆದ ಮೇಲೆ ಹೈಸ್ಕೂಲಿನ ತ್ರಿಕೋನವನ್ನೆಲ್ಲ ನೆನಪು ಮಾಡಿಕೊಂಡು ಲೆಕ್ಕ ಹಾಕಿದೆ. ಸರಿಯಾಗಿ 30 ಡಿಗ್ರಿ. ಅಟ್ಟದ ಸುತ್ತ ಹಾಕುವ ಪಟ್ಟಿಗಳ ನಡುವೆ ಮೂರೂವರೆ ಇಂಚಿಗಿಂತ ಕಡಿಮೆ ಜಾಗ ಇರಬೇಕು, ಇಲ್ಲದಿದ್ದರೆ ಮಗುವಿನ ಮೈ ತೂರಿ ತಲೆ ಸಿಕ್ಕಿಹಾಕಿಕೊಳ್ಳುತ್ತದೆ ಅಂತಲೂ ಓದಿದ್ದೆ. ಮಾರನೇ ದಿನ ನೋಡಿದರೆ ಆಚಾರಿ ಪ್ರತಿ ಪಟ್ಟಿಗೂ ತಮ್ಮ ಮುಷ್ಟಿ ಇಟ್ಟು, ಮುಷ್ಟಿ ತೂರದ ಹಾಗೆ ಮೊಳೆ ಹೊಡೆಯುತ್ತಿದ್ದರು. ಆಮೇಲೆ ನಾನು ಏನೂ ಹೇಳಲಿಲ್ಲ.

ನನ್ನದೇ ತಲೆ ಓಡಿಸಿದ ಕಡೆ ಮಾತ್ರ ಎಡವಟ್ಟಾಯಿತು. ಸಂಜೆ ಅಡುಗೆಮನೆಯಿಂದ ಕಾಣಲಿ ಅಂತ ಜಾರುಬಂಡಿಯನ್ನು ಪಶ್ಚಿಮಕ್ಕೆ ತಿರುಗಿಸಿದ್ದೆ. ಮಾರ್ಚ್ ತಿಂಗಳ ಬಿಸಿಲಿಗೆ ತಗಡು ದೋಸೆ ಕಾವಲಿ ಆಯಿತು. ಮಗಳು ಒಂದು ಸಲ ಜಾರಿದಳು. ಕಿರುಚಿದ್ದು ಕೂಲಿಯವರ ಲೈನ್ ಮನೆಯವರೆಗೂ ಕೇಳಿಸಿತು. ಬಿಚ್ಚಿ ಉತ್ತರಕ್ಕೆ ತಿರುಗಿಸಿದ್ದಾಯಿತು.

ಇನ್ನೊಂದು, ಉಯ್ಯಾಲೆಯ ಕೆಳಗೆ ಮೆತ್ತಗಿರಲಿ ಅಂತ ಒಂಬತ್ತು ಇಂಚು ದಪ್ಪಕ್ಕೆ ಕಾಫಿ ಸಿಪ್ಪೆ ಹರಡಿಸಿದ್ದು. ಬೇಸಿಗೆಯಲ್ಲಿ ಹಾಸಿಗೆ ಹಾಗಿತ್ತು. ಮಳೆ ಹಿಡಿದ ಮೇಲೆ ಅದು ಗೊಬ್ಬರದ ಗುಂಡಿ ಆಯಿತು, ಬೆರಳು ಗಾತ್ರದ ಬಿಳಿ ಹುಳಗಳು ಹುಟ್ಟಿಕೊಂಡವು. ಹುಳ ಇದೆ ಅಂತ ಕಾಡುಹಂದಿಗೆ ಯಾರು ಸುದ್ದಿ ಮುಟ್ಟಿಸುತ್ತಾರೋ ಗೊತ್ತಿಲ್ಲ. ಒಂದು ಬೆಳಿಗ್ಗೆ ಎದ್ದು ನೋಡಿದರೆ ಉಯ್ಯಾಲೆಯ ಕೆಳಗೆ ಗದ್ದೆ ಉತ್ತ ಹಾಗಿತ್ತು. "ಹಂದಿನೂ ಉಯ್ಯಾಲೆ ಆಡ್ತಾ ಅಪ್ಪ?" ಅಂತ ಮಗಳು ಕೇಳಿದಳು.

ಉಯ್ಯಾಲೆ ಮಾತ್ರ ಚೆನ್ನಾಗಿ ಬಂದಿತ್ತು. ಹಳೇ ಜೀಪಿನ ಟಯರು, ನೀರು ನಿಂತು ಸೊಳ್ಳೆ ಆಗದ ಹಾಗೆ ಅದಕ್ಕೆ ನಾಲ್ಕು ತೂತು. ಬೆರಳು ಸಿಕ್ಕಬಾರದು ಅಂತ ಚೈನಿಗೆ ಹಳೇ ನೀರಿನ ಪೈಪು ತೊಡಿಸಿದ್ದೆ. ಚೈನು ಆರು ಅಡಿ. ಒಂದು ಸಲ ಹೋಗಿ ಬರೋಕೆ ಮೂರು ಸೆಕೆಂಡಿಗೆ ಸ್ವಲ್ಪ ಕಡಿಮೆ. ಮಗಳು ಕೂತರೂ ಅಷ್ಟೇ, ಯಾರೂ ಇಲ್ಲದಾಗ ನಾನು ಕೂತರೂ ಅಷ್ಟೇ. ಚೈನಿನ ಉದ್ದ ಒಂದೇ ಇದ್ದರೆ ಉಯ್ಯಾಲೆಗೆ ತೂಕದ ಪರಿವೆ ಇಲ್ಲ. ಅಡ್ಡತೊಲೆಗೆ ಇದೆ. ನಾನು ಕೂತಾಗ ಅದು ನರಳುತ್ತದೆ.

ಯಾರೂ ಯಾಕೆ ಬೇಡ ಅನ್ನಲಿಲ್ಲ ಅನ್ನುವುದು ಜೂನ್‌ನಲ್ಲಿ ತಿಳಿಯಿತು. ಮೊದಲ ಮಳೆ ಬಿದ್ದ ವಾರ ಅಮ್ಮ ಕೊಡೆ ಹಿಡಿದು ಅಲ್ಲಿ ಬಗ್ಗಿ ಏನೋ ಮಾಡುತ್ತಿದ್ದರು. ಹೋಗಿ ನೋಡಿದರೆ ನಾಲ್ಕು ಕಂಬದ ಬುಡದಲ್ಲೂ ಮೆಣಸಿನ ಬಳ್ಳಿ ನೆಟ್ಟಿದ್ದರು.

"ಅಮ್ಮಾ, ಇದು ಮಗು ಆಡೋದು."

"ಆಡ್ಲಿ. ಯಾರು ಬೇಡ ಅಂದ್ರು? ಕಂಬ ನೆಟ್ಟು ಖಾಲಿ ಬಿಡೋದುಂಟಾ?"

ತೋಟದವರಿಗೆ ಇದಕ್ಕೆ ಎದುರು ಮಾತಿಲ್ಲ. ಜುಲೈಗೆ ಅಟ್ಟದ ಕೆಳಗೆ ಸೌದೆ ಬಂತು, ಹೇಗೂ ಮೇಲೆ ತಗಡಿನ ಮಾಡು ಇದೆಯಲ್ಲ. ಕಕ್ಕಡದ ಜಡಿಮಳೆ ತಿಂಗಳಲ್ಲಿ ನಮ್ಮ ಬಟ್ಟೆ ಒಣಗುವುದೆಂದರೆ ದೇವರೇ ಗತಿ, ಹೆಂಡತಿ ಅಟ್ಟದ ಈ ಕಡೆಯಿಂದ ಆ ಕಡೆಗೆ ಹಗ್ಗ ಕಟ್ಟಿದಳು. ಸೌದೆಯ ಸಂದಿಯಲ್ಲಿ ಕೋಳಿ ಕಾವಿಗೆ ಕೂತಿತು. ಜಾರುಬಂಡಿಯ ತಗಡಿನ ಮೇಲೆ ಪಾಚಿ, ಅದರ ತುದಿಯಲ್ಲಿ ಒಂದು ಕಪ್ಪೆ. ಜಿಗಣೆಯ ಭಯಕ್ಕೆ ಮಗಳನ್ನು ಹೊರಗೆ ಬಿಡುತ್ತಿರಲಿಲ್ಲ. ಅವಳು ಕಿಟಕಿಯಲ್ಲಿ ನಿಂತು, ತನ್ನ ಜಾರುಬಂಡಿಯಲ್ಲಿ ಯಾರ್ಯಾರು ಇದ್ದಾರೆ ಅಂತ ಲೆಕ್ಕ ಹಾಕುತ್ತಿದ್ದಳು. ನನಗೆ ಸುಮ್ನೆ ಸಿಟ್ಟು ಬರುತ್ತಿತ್ತು. ಯಾರ ಮೇಲೆ ಅಂತ ಹೇಳೋಕೆ ಬರುತ್ತಿರಲಿಲ್ಲ.

ಮಳೆ ಹೋಯಿತು, ಪಾಚಿ ಉಜ್ಜಿದೆ, ಮತ್ತೆ ಆಟ ಶುರುವಾಯಿತು. ಜನವರಿಯಲ್ಲಿ ಕಾಫಿ ಕುಯ್ಲು. ನಮ್ಮಲ್ಲಿ ಕೆಜಿ ಲೆಕ್ಕದಲ್ಲಿ ಕೂಲಿ, ಸಂಜೆ ನಾಲ್ಕಕ್ಕೆ ಚೀಲ ತೂಗಬೇಕು. ತಕ್ಕಡಿ ನೇತುಹಾಕುತ್ತಿದ್ದ ಮೂರು ಕಾಲಿನ ಬೊಂಬು ಮಳೆಗಾಲದಲ್ಲಿ ಲಡ್ಡಾಗಿತ್ತು. ಎಲ್ಲರೂ ನನ್ನ ಮುಖ ನೋಡಿದರು. ನಾನೇ ಏಣಿ ಹತ್ತಿ ಉಯ್ಯಾಲೆ ಬಿಚ್ಚಿ, ಅದೇ ಕೊಕ್ಕೆಗೆ ತಕ್ಕಡಿ ಹಾಕಿದೆ. ತೊಲೆ ನರಳಲೂ ಇಲ್ಲ. ಐವತ್ತು ಕೆಜಿ, ಅರವತ್ತು ಕೆಜಿ ಒಂದರ ಹಿಂದೊಂದು ಏರಿ ಇಳಿದವು. ನಾನು ಅಟ್ಟದ ಮೆಟ್ಟಿಲ ಮೇಲೆ ಕೂತು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದೆ.

ಮಗಳು ಅಳುತ್ತಾಳೆ ಅಂದುಕೊಂಡಿದ್ದೆ. ಅವಳು ಹೋಗಿ ಸಾಲಿನ ಕೊನೆಗೆ ನಿಂತಿದ್ದಳು. ಅವಳ ಸರದಿ ಬಂತು. ಇಬ್ಬರು ಹೆಂಗಸರು ಅವಳನ್ನು ಎತ್ತಿ ಖಾಲಿ ಗೋಣಿಚೀಲದಲ್ಲಿ ನಿಲ್ಲಿಸಿ, ಎರಡೂ ಕಡೆ ಹಿಡಿದುಕೊಂಡೇ ಕೊಕ್ಕೆಗೆ ಸಿಕ್ಕಿಸಿ ಮೆಲ್ಲಗೆ ಕೈ ಸಡಿಲಿಸಿದರು. ಚೀಲದ ಬಾಯಿಂದ ತಲೆ ಒಂದೇ ಕಾಣುತ್ತಿತ್ತು. ಮುಳ್ಳು ಅಲ್ಲಾಡಿ ಅಲ್ಲಾಡಿ ನಿಂತಿತು.

"ಹದಿನಾರೂವರೆ! ಬರ್ಕೊಳ್ಳಿ ಸಾವ್ಕಾರ್ರೇ. ಇದರ ಕೂಲಿ ಯಾರಿಗೆ?"

"ನಂಗೆ!" ಅಂತ ಚೀಲದಿಂದ ಕೂಗು.

ಬರೆದೆ. ಅಮ್ಮ ಹಿಂದಿನಿಂದ ಬಗ್ಗಿ ಪುಸ್ತಕ ನೋಡಿದರು.

"ಚೀಲದ್ದು ಅರ್ಧ ಕೆಜಿ ಕಳೀಲೇ ಇಲ್ವಲ್ಲ?"

ಹೊಡೆದು ಹಾಕಿ ಹದಿನಾರು ಅಂತ ಬರೆದೆ.