ಕಾಳು ಮೊಳೆತವು, ರಾಕೆಟ್ ಹಾರಲಿಲ್ಲ

ಅಮೆರಿಕದ ಬ್ಲೂ ಒರಿಜಿನ್ ಕಂಪನಿಯ ನ್ಯೂ ಗ್ಲೆನ್ ರಾಕೆಟ್ ಹಾರಿತಂತೆ. ‘ಅಂತೆ’ ಎನ್ನುತ್ತಿದ್ದೇನೆ, ನೋಡಿ. ಅದಕ್ಕಾಗಿ ಮೂರು ರಾತ್ರಿ ಕಾದವನು ನಾನು. ನನ್ನ ಪಾಲಿಗೆ ಬಂದದ್ದು ಈ ‘ಅಂತೆ’ ಮಾತ್ರ.

ಇವತ್ತು, 2025ರ ನವೆಂಬರ್ 14ರ ಬೆಳಗಿನ ಜಾವ 2 ಗಂಟೆ 25 ನಿಮಿಷಕ್ಕೆ ಫ್ಲೋರಿಡಾದ ಕೇಪ್ ಕೆನವೆರಲ್‌ನಿಂದ ಹಾರಿದ್ದು. ಅಲ್ಲಿ ಅದು ಮಧ್ಯಾಹ್ನದ ಚಹಾ ಹೊತ್ತು. ನನಗೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂರುವ ಹೊತ್ತು. ಎರಡು ರಾತ್ರಿ ಬಿಟ್ಟುಕೊಂಡೆ. ಮೂರನೆಯ ರಾತ್ರಿ ಎಣ್ಣೆ ಮುಗಿಯಿತು, ಕಣ್ಣು ಮುಚ್ಚಿತು, ಅದು ಹಾರಿತು.

ಒಬ್ಬೊಬ್ಬರಿಗೆ ಒಂದೊಂದು ಚಟ. ನನ್ನ ಹೆಂಡತಿ ಎದ್ದ ಕೂಡಲೇ ಚಿನ್ನದ ರೇಟು ನೋಡುತ್ತಾಳೆ. ತಗೊಳ್ಳುವುದಕ್ಕಲ್ಲ, ಸುಮ್ನೆ ನಿಟ್ಟುಸಿರು ಬಿಡುವುದಕ್ಕೆ. ನಾನು ರಾಕೆಟ್ ಟೈಮ್‌ಟೇಬಲ್ ನೋಡುತ್ತೇನೆ. ಅದಕ್ಕೆಂದೇ ಫೋನಿನಲ್ಲಿ ಒಂದು ಆ್ಯಪ್ ಇದೆ. ಆ ಪಟ್ಟಿಯಲ್ಲಿ ತಾರೀಖಿನ ಪಕ್ಕದಲ್ಲಿ ಎನ್‌ಇಟಿ ಎಂಬ ಮೂರು ಅಕ್ಷರ ಇರುತ್ತವೆ. ‘ಇದಕ್ಕಿಂತ ಮೊದಲಂತೂ ಇಲ್ಲ’ ಎಂದು ಅರ್ಥ. ಯಾವಾಗ ಹಾರುತ್ತದೆ ಎಂದು ಅದು ಹೇಳುವುದಿಲ್ಲ. ಯಾವಾಗ ಹಾರುವುದಿಲ್ಲ ಎಂದಷ್ಟೇ ಹೇಳುತ್ತದೆ. ಇದೇನೋ ಅಮೆರಿಕದವರ ಹೊಸ ವಿದ್ಯೆ ಎಂದುಕೊಂಡಿದ್ದೆ. ಆಮೇಲೆ ಹೊಳೆಯಿತು. ನಮ್ಮ ರಸ್ತೆಯ ಟೈಲರ್ ವರ್ಷಗಟ್ಟಲೆಯಿಂದ ಹೇಳುತ್ತಿರುವುದೂ ಇದನ್ನೇ: “ಶುಕ್ರವಾರದ ಮೇಲೆ ಬನ್ನಿ ಸಾರ್.” ಶುಕ್ರವಾರದ ಮೇಲೆ ಶನಿವಾರವೂ ಇದೆ, ದೀಪಾವಳಿಯೂ ಇದೆ, ಯುಗಾದಿಯೂ ಇದೆ.

ಮೊದಲ ರಾತ್ರಿ ಭಾನುವಾರ. ನಮ್ಮ ಲೆಕ್ಕದಲ್ಲಿ ರಾತ್ರಿ ಒಂದೂಕಾಲರಿಂದ ಸುಮಾರು ಒಂದೂವರೆ ಗಂಟೆ ಹೊತ್ತಿನ ಮುಹೂರ್ತ. ಬೆಳಿಗ್ಗೆ ಆಫೀಸು, ಇರಲಿ ಎಂದು ಕುಳಿತೆ. 98 ಮೀಟರ್ ಎತ್ತರದ ರಾಕೆಟ್ಟು, ಒಳಗೆ ಮಂಗಳ ಗ್ರಹಕ್ಕೆ ಹೋಗುವ ಎರಡು ನೌಕೆ. ನಿದ್ದೆಗೆಡಲು ಇಷ್ಟು ಸಾಕಲ್ವಾ? ಮೊದಲು ಮೋಡ ಬಂತು. ಮಳೆ ಬರುವುದೇ ಬೇಡ, ದಪ್ಪ ಮೋಡ ಇದ್ದರೂ ಹಾರಿಸುವುದಿಲ್ಲ. ರಾಕೆಟ್ಟು, ಅದರ ಬೆಂಕಿಯ ಬಾಲ ಎರಡೂ ಸೇರಿ ಉದ್ದನೆಯ ತಂತಿಯ ಹಾಗಾಗಿ ಸಿಡಿಲನ್ನು ತಾನೇ ಕರೆದುಕೊಳ್ಳುತ್ತದೆ. 1969ರಲ್ಲಿ ಚಂದ್ರನತ್ತ ಹೊರಟ ಅಪೋಲೊ 12 ಹಾರಿದ ಒಂದೇ ನಿಮಿಷದೊಳಗೆ ಅದಕ್ಕೆ ಎರಡು ಸಲ ಸಿಡಿಲು ಬಡಿದಿತ್ತು. ಮೋಡದ ವಿಷಯ ಹಾಗಾಗಿ ಒಪ್ಪುತ್ತೇನೆ. ಆದರೆ ಅದರ ನಡುವೆ ಒಂದು ಪ್ರವಾಸಿ ಹಡಗು ಬಂತು ನೋಡಿ!

ರಾಕೆಟ್ ಹೋಗುವ ದಾರಿಯ ಕೆಳಗಿನ ಸಮುದ್ರ ಖಾಲಿ ಇರಬೇಕು. ಮೊದಲೇ ಎಲ್ಲರಿಗೂ ತಿಳಿಸಿರುತ್ತಾರೆ. ಆದರೂ ಹಡಗು ಬರುತ್ತದೆ. ಮುಖ್ಯಮಂತ್ರಿಯ ಕಾರಿಗೆ ರಸ್ತೆ ಖಾಲಿ ಮಾಡಿಸಿದ ಮೇಲೆ ಎಮ್ಮೆ ಬಂದ ಹಾಗೆ. 2022ರ ಜನವರಿಯಲ್ಲಿ ಇಟಲಿಯ ಉಪಗ್ರಹ ಹೊತ್ತು ನಿಂತಿದ್ದ ಫಾಲ್ಕನ್ 9 ರಾಕೆಟ್ ಕೂಡ ಇಂಥದ್ದೇ ಒಂದು ಹಡಗು ಅಡ್ಡ ಬಂದು ಮರುದಿನ ಹಾರಿತ್ತು. ಹಡಗಿನವರು ಡೆಕ್ ಮೇಲೆ ಜ್ಯೂಸ್ ಹೀರುತ್ತಾ ಇದ್ದಿರಬೇಕು. ನಾನಿಲ್ಲಿ ಕತ್ತಲಲ್ಲಿ, ಸದ್ದಾಗದ ಹಾಗೆ ಚೂಡಾ ಅಗಿಯುತ್ತಾ ಕುಳಿತಿದ್ದೆ. ಗಂಟೆ ಎರಡು ದಾಟಿತು. ಕೊನೆಗೆ ಇವತ್ತಿಲ್ಲ ಎಂದರು.

ಆಮೇಲೆ ಇನ್ನೊಂದು ಆಟ. ಅಮೆರಿಕದಲ್ಲಿ ಬಜೆಟ್ಟಿಗೆ ಒಪ್ಪಿಗೆ ಸಿಗದೆ ಸರ್ಕಾರದ ಕೆಲಸವೇ ನಿಂತಿತ್ತು. ವಿಮಾನ ಸಂಚಾರ ನೋಡಿಕೊಳ್ಳುವವರು ಸಾಲದೆ, ನವೆಂಬರ್ 10ರಿಂದ ಖಾಸಗಿ ರಾಕೆಟ್‌ಗಳು ರಾತ್ರಿ 10ರಿಂದ ಬೆಳಿಗ್ಗೆ 6ರೊಳಗೆ ಮಾತ್ರ ಹಾರಬೇಕು ಎಂದು ಆಜ್ಞೆ ಹೊರಡಿಸಿದರು. ನಮ್ಮ ಬೆಂಗಳೂರಿನಲ್ಲಿ ಲಾರಿಗಳನ್ನು ಹಗಲು ಊರೊಳಗೆ ಬಿಡುವುದಿಲ್ಲವಲ್ಲ, ಹಾಗೆ. ನನಗೆ ಒಳಗೊಳಗೇ ಖುಷಿ. ಫ್ಲೋರಿಡಾದ ರಾತ್ರಿ ಅಂದರೆ ನಮಗೆ ಎಂಟೂವರೆಯಿಂದ ಸಂಜೆ ನಾಲ್ಕೂವರೆ. ಆಫೀಸಿನಲ್ಲೇ, ಕಂಪನಿ ಕರೆಂಟಿನಲ್ಲೇ ನೋಡಬಹುದು! ಆದರೆ ನನ್ನ ರಾಕೆಟ್ಟಿಗೆ ಮಾತ್ರ ಹಗಲಲ್ಲೇ ಹಾರಲು ವಿನಾಯಿತಿ ಸಿಕ್ಕಿಬಿಟ್ಟಿತು.

ಬುಧವಾರ ರಾತ್ರಿ ಅಲಾರಾಂ ಇಟ್ಟು ಎದ್ದೆ. ರದ್ದು. ಕಾರಣ ಸೂರ್ಯ. ಸೂರ್ಯನಲ್ಲಿ ದೊಡ್ಡ ಬಿರುಗಾಳಿ ಎದ್ದಿದೆ, ಆ ಎರಡು ನೌಕೆಗಳಿಗೆ ತೊಂದರೆ ಆಗಬಹುದು ಎಂದು ನಿಲ್ಲಿಸಿದ್ದರು. ರಾತ್ರಿ ಒಂದು ಗಂಟೆಯಲ್ಲಿ ಬಿಸಿಲಿನಿಂದ ತೊಂದರೆಗೆ ಒಳಗಾದವನು ಇಡೀ ಬೆಂಗಳೂರಿನಲ್ಲಿ ನಾನೊಬ್ಬನೇ ಇರಬೇಕು.

“ಅದು ಹಾರಿದರೆ ನಿಮಗೇನ್ರೀ ಕೊಡ್ತಾರೆ?” ಎಂದಳು ಹೆಂಡತಿ, ಮಗ್ಗುಲು ಬದಲಿಸುತ್ತಾ. ಅವಳಿಗೆ ಈ ಪ್ರಶ್ನೆ ಕೇಳುವ ಹಕ್ಕಿದೆ. ಕಳೆದ ಜೂನ್‌ನಲ್ಲಿ ಶುಭಾಂಶು ಶುಕ್ಲಾ ಅವರನ್ನು ಬಾಹ್ಯಾಕಾಶ ನಿಲ್ದಾಣಕ್ಕೆ ಒಯ್ಯಬೇಕಿದ್ದ ಆಕ್ಸಿಯಮ್-4 ಯಾತ್ರೆ ಮುಂದಕ್ಕೆ ಹೋಗುತ್ತಾ ಇದ್ದಾಗ ಹೆಚ್ಚು ಅನುಭವಿಸಿದವಳು ಅವಳು. ಅನುಭವಿಸಿದ್ದು ನನ್ನಿಂದಲ್ಲ, ಅವ್ವನಿಂದ.

ಅವ್ವ ಧಾರವಾಡದವಳು. ಈಗ ನಮ್ಮ ಜೊತೆ ಇದ್ದಾಳೆ. ಶುಭಾಂಶು ಶುಕ್ಲಾ ಬಾಹ್ಯಾಕಾಶಕ್ಕೆ ಹೋಗುತ್ತಾರೆ ಎಂದಾಗ ಅವಳು ತಲೆ ಕೆಡಿಸಿಕೊಳ್ಳಲಿಲ್ಲ. ಆದರೆ ಅವರ ಜೊತೆ ಧಾರವಾಡದ ಕೃಷಿ ವಿಶ್ವವಿದ್ಯಾಲಯದವರ ಪ್ರಯೋಗಕ್ಕೆ ಮೆಂತ್ಯ ಮತ್ತು ಹೆಸರುಕಾಳೂ ಹೋಗುತ್ತವೆ, ಅಲ್ಲಿ ಮೊಳಕೆ ಬರಿಸುತ್ತಾರೆ ಎಂದು ಓದಿ ಹೇಳಿದೆನೋ ಇಲ್ಲವೋ, ಎದ್ದು ಕುಳಿತಳು.

“ನಮ್ಮ ಧಾರವಾಡದ ಕಾಳಾ?”

“ಹೌದವ್ವಾ.”

“ಹಂಗಾರ ನಾನೂ ನೆನಿ ಹಾಕ್ತೀನಿ. ಅಲ್ಲಿದು ಮೊದಲ ಮೊಳಕಿ ಒಡಿತೈತೋ ನಂದೋ, ನೋಡೇಬಿಡೂಣು.”

ರಾಕೆಟ್ಟು ಮೊದಲು ಮೇ 29ಕ್ಕಿತ್ತು. ಅದು ಜೂನ್ 8 ಆಗಿ, 10 ಆಗಿತ್ತು. ಅವ್ವ 8ರ ರಾತ್ರಿಯೇ ಎರಡು ಪಾತ್ರೆಯಲ್ಲಿ ಕಾಳು ನೆನೆಹಾಕಿದಳು. ಬೆಳಿಗ್ಗೆ ನೀರು ಬಸಿದು, ಹಳೆ ಪಂಚೆಯ ತುಂಡಿನಲ್ಲಿ ಗಂಟು ಕಟ್ಟಿ, ಮೇಲೆ ರುಬ್ಬುಗುಂಡು ಇಟ್ಟಳು. ಅಲ್ಲಿ ಹವಾಮಾನ ಸರಿಯಿಲ್ಲವೆಂದು 11ಕ್ಕೆ ಹೋಯಿತು. “ಒಂದ ದಿನ ಅಲ್ಲೇನು, ತಾಳ್ತಾವ” ಎಂದಳು. 11ರಂದು ಆಮ್ಲಜನಕ ಸೋರುತ್ತಿದೆ ಎಂದು ಮತ್ತೆ ನಿಂತಿತು. ಕಾಳು ತಾಳಲಿಲ್ಲ. ಬಟ್ಟೆಯ ಗಂಟಿನಿಂದ ಬಿಳಿ ಬಾಲಗಳು ಹೊರಗೆ ಇಣುಕುತ್ತಿದ್ದವು.

ಅರ್ಧ ಕಿಲೋ ಹೆಸರು, ಕಾಲು ಕಿಲೋ ಮೆಂತ್ಯ. ಮೊಳಕೆ ಬಂದರೆ ಎಷ್ಟಾಗುತ್ತದೆ ಎಂದು ಅಡುಗೆ ಮಾಡುವವರಿಗೆ ಗೊತ್ತು. ಆ ರಾತ್ರಿ ಉಸುಳಿ. ಬೆಳಿಗ್ಗೆ ರೊಟ್ಟಿಗೆ ಕಾಳುಪಲ್ಯ. ಮಧ್ಯಾಹ್ನ ಡಬ್ಬಿಗೆ ಕೋಸಂಬರಿ. ಮೆಂತ್ಯದ ಮೊಳಕೆಯ ಕಹಿಗೆ ಎಷ್ಟು ಬೆಲ್ಲ ಹಾಕಿದರೂ ಬೆಲ್ಲವೇ ಸೋಲುತ್ತಿತ್ತು. ಮಗ ಎರಡನೆಯ ದಿನ ಕೇಳಿದ, “ಅಪ್ಪಾ, ರಾಕೆಟ್ ಯಾವಾಗ ಹಾರುತ್ತೆ?” ವಿಜ್ಞಾನದ ಮೇಲೆ ಅಷ್ಟೊಂದು ಕಾತರ ಅವನಲ್ಲಿ ನಾನು ಮೊದಲು ಕಂಡಿರಲಿಲ್ಲ.

ಹೊಸ ತಾರೀಖು ಜೂನ್ 19. ಅವ್ವ 17ರ ರಾತ್ರಿ ಮತ್ತೆ ನೆನೆಹಾಕಿದಳು. 18ಕ್ಕೆ ಸುದ್ದಿ ಬಂತು, 22ಕ್ಕೆ ಮುಂದೂಡಿಕೆ. ಮತ್ತೆ ಉಸುಳಿ, ಮತ್ತೆ ಕೋಸಂಬರಿ. ಪಕ್ಕದ ಮನೆಗೆ ಒಂದು ಡಬ್ಬಿ, ಮೇಲಿನ ಮನೆಗೆ ಒಂದು ಡಬ್ಬಿ. ಮೇಲಿನ ಮನೆಯವರು ಡಬ್ಬಿ ವಾಪಸ್ ಕೊಡುವಾಗ ಬರಿದಾಗಿ ಕೊಡಬಾರದೆಂದು ನಾಲ್ಕು ಕಾಳು ಸಕ್ಕರೆ ಹಾಕಿ, ನನ್ನನ್ನು ಮೆಟ್ಟಿಲ ಬಳಿ ನಿಲ್ಲಿಸಿ ಮೆಲ್ಲಗೆ ಕೇಳಿದರು: “ಅಲ್ಲಿ ಇಸ್ರೋದವರು ಯಾರಾದರೂ ನಿಮಗೆ ಪರಿಚಯ ಇದ್ದಾರಾ?”

22 ಕೂಡ ಹೋಯಿತು. ಈ ಸಲ ಬಾಹ್ಯಾಕಾಶ ನಿಲ್ದಾಣದಲ್ಲೇ, ರಷ್ಯಾದವರ ಭಾಗದಲ್ಲಿ, ಸೋರಿಕೆ ರಿಪೇರಿ ಆಗಿತ್ತು, ಸರಿಯಾಗಿದೆಯೇ ನೋಡಬೇಕಿತ್ತು. ಮನೆ ಸೋರುತ್ತಿರುವಾಗ ನೆಂಟರನ್ನು ಹೇಗೆ ಕರೆಯುವುದು? ಸುದ್ದಿ ಸ್ವಲ್ಪ ಬೇಗ ಬಂದದ್ದರಿಂದ ಕಾಳು ಡಬ್ಬಿಯಲ್ಲೇ ಉಳಿದವು. ಅಂದು ರಾತ್ರಿ ಹೆಂಡತಿ ಫೋನು ಕಸಿದು ತಾನೇ ಓದಿದಳು. ಓದಿ ಅಡುಗೆಮನೆಗೆ ಹೋಗಿ ಹೇಳಿದಳು, “ಅತ್ತೆ, ಅವರು ಒಣ ಕಾಳು ತಗೊಂಡು ಹೋಗೋದಂತೆ. ನೀರು ಹಾಕೋದು ಮೇಲೆ ಹೋದ ಮೇಲೇ.”

ಅವ್ವ ನನ್ನತ್ತ ತಿರುಗಿದಳು. ನಾನು ಆ ಸಾಲನ್ನು ಓದಿದ್ದೆ. ಆದರೆ ಅಷ್ಟು ಮುಖ್ಯ ಎಂದು ಅನಿಸಿರಲಿಲ್ಲ.

“ಇನ್ನ ನಾ ನೆನಿ ಹಾಕಂಗಿಲ್ಲ” ಎಂದು ಅವ್ವ ಸಿಟ್ಟಿನಿಂದ ರುಬ್ಬುಗುಂಡು ಎತ್ತಿ ಮೂಲೆಗಿಟ್ಟಳು. ಜೂನ್ 25, ಮಧ್ಯಾಹ್ನ 12 ಗಂಟೆ 1 ನಿಮಿಷ. ಒಂದು ಸೆಕೆಂಡು ತಡವಿಲ್ಲದೆ ಹಾರಿಯೇಬಿಟ್ಟಿತು. ಅಮೆರಿಕದ ಎಂಜಿನಿಯರುಗಳು ಏನೇ ಹೇಳಿಕೊಳ್ಳಲಿ, ಅಡ್ಡಿ ಎಲ್ಲಿತ್ತು ಎಂದು ನಮ್ಮ ಮನೆಯವರಿಗೆ ಗೊತ್ತು.

ಆ ಮಧ್ಯಾಹ್ನ ಅವ್ವ ಒಂದು ಮಾತು ಹೇಳಿದಳು. 1984ರಲ್ಲಿ ರಾಕೇಶ್ ಶರ್ಮಾ ಹೋದಾಗ ನಮ್ಮ ಮನೆಯಲ್ಲಿ ಟಿವಿ ಇರಲಿಲ್ಲ. ನಾನು ತೊಟ್ಟಿಲಲ್ಲಿದ್ದೆ. ಅಪ್ಪ ರೇಡಿಯೊ ಹಿಡಿದುಕೊಂಡೇ ಅಡುಗೆಮನೆಗೆ ಬಂದು, “ಹೋದನಂತ ನೋಡ” ಎಂದಿದ್ದನಂತೆ. ಅಷ್ಟೇ ಸುದ್ದಿ. ಮೋಡ ಇತ್ತಾ, ಏನಾದರೂ ಸೋರಿತ್ತಾ, ತಾರೀಖು ಎಷ್ಟು ಸಲ ಬದಲಾಗಿತ್ತು ಎಂದು ಅವರಿಗೆ ಗೊತ್ತೇ ಆಗಲಿಲ್ಲ. ಕಾಯುವ ಕೆಲಸ ರಷ್ಯಾದವರದ್ದು, ಖುಷಿಪಡುವುದಷ್ಟೇ ಇವರದ್ದು. ಅಪ್ಪನೂ ‘ಅಂತೆ’ಯಲ್ಲೇ ಕೇಳಿದ್ದ. ಅವನಿಗೆ ಅದು ಸಾಕಾಗಿತ್ತು. ಜುಲೈನಲ್ಲಿ ಆ ಕಾಳುಗಳು ಮೇಲೆ ಮೊಳಕೆ ಒಡೆದ ಫೋಟೊ ಪೇಪರಿನಲ್ಲಿ ಬಂತು. ಅವ್ವ ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದಳು. “ನಮ್ಮವು ಇದಕಿಂತ ಚಲೋ ಬಂದಿದ್ವು” ಎಂದಳು.

ನಿನ್ನೆ ರಾತ್ರಿಗೆ ಬರುತ್ತೇನೆ. ಒಂದೂವರೆಗೆ ಎಂದಿದ್ದರು. ಕೌಂಟ್‌ಡೌನ್ ನಿಂತಿತು. ಮತ್ತೆ ಶುರುವಾಯಿತು, ಮತ್ತೆ ನಿಂತಿತು. ಪರದೆಯ ಮೇಲೆ ನಿಂತ ಅಂಕಿಗಿಂತ ಒಳ್ಳೆಯ ಜೋಗುಳ ಇನ್ನೊಂದಿಲ್ಲ. ಸೋಫಾದ ಮೇಲೆ ಫೋನು ಎದೆಗಿಟ್ಟುಕೊಂಡಿದ್ದು ನೆನಪಿದೆ. ಆಮೇಲೆ ನೆನಪಿರುವುದು ಹಾಲಿನವನ ಗಂಟೆ.

ನನ್ನ ಮೈಮೇಲೆ ಕೌದಿ ಇತ್ತು. ಫೋನು ಇರಲಿಲ್ಲ. ಅದು ಅಡುಗೆಮನೆ ಕಟ್ಟೆಯ ಮೇಲೆ ಚಾರ್ಜಿಗೆ ಹಾಕಿತ್ತು. ಅವ್ವ ಹಾಲು ಕಾಯಿಸುತ್ತಿದ್ದಳು.

“ಹಾರಿತು” ಎಂದಳು, ಹಾಲು ಉಕ್ಕಿತು ಎನ್ನುವ ಹಾಗೆ. “ನೀರು ಕುಡಿಯಾಕ ಎದ್ದಿದ್ದೆ. ನಿನ್ನ ಎದಿಮ್ಯಾಲೆ ಏನೋ ಬೆಳಕು ಕಾಣಾಕತ್ತಿತ್ತು. ಎತ್ತಿಕೊಂಡು ನೋಡಿದೆ. ಏನ್ ಬೆಂಕಿ ಅಂತಿ! ಆಮ್ಯಾಲೆ ಕೆಳಗಿನ ತುಂಡು ಹೊಳ್ಳಿ ಬಂತು ನೋಡು. ಸಮುದ್ರದಾಗ ಹಡಗ ನಿಂತಿತ್ತಲ್ಲ, ಅದರ ಮ್ಯಾಲೆ ಬಂದು ನೆಟ್ಟಗ ನಿಂತಿತು.”

ಆ ಕೆಳಗಿನ ತುಂಡು ಹಡಗಿನ ಮೇಲೆ ಇಳಿಯುವುದನ್ನು ನೋಡಲೆಂದೇ ನಾನು ಮೂರು ರಾತ್ರಿ ಕಳೆದದ್ದು. ಜನವರಿಯಲ್ಲಿ ಮೊದಲ ಸಲ ಹಾರಿದಾಗ ಅದು ಇಳಿದಿರಲಿಲ್ಲ.

“ಎಬ್ಬಿಸಬಾರದಿತ್ತೇನವ್ವಾ?”

“ಮೂರು ದಿನ ಆತು ನಿದ್ದಿ ಇಲ್ಲ ನಿನಗ. ಮಕ್ಕೊಳ್ಳಿ ಅಂತ ಬಿಟ್ಟೆ” ಎಂದು ಚಹಾ ಲೋಟ ಮುಂದಿಟ್ಟಳು. “ಮುಂದಿಂದು ಯಾವಾಗ ಐತಿ, ನೋಡು.”