ಮಳೆಯ ತಲೆಗೆ ಕಟ್ಟಬೇಡಿ

ನೆಲದಡಿಯ ಮಳೆನೀರು ಪೈಪು ಕುಸಿದು ರಸ್ತೆ ಬಾಯಿಬಿಟ್ಟಾಗಲೆಲ್ಲ ಒಂದೇ ಉತ್ತರ: ‘ಭಾರಿ ಮಳೆ ಬಂತು, ಏನು ಮಾಡೋದು?’ ಮಳೆನೀರಿಗೆ ಅಂತಲೇ ಹಾಕಿದ ಪೈಪು ಅಲ್ವಾ ಅದು? ಆ ದಿನ ಎಷ್ಟು ಮಿ.ಮೀ. ಸುರಿಯಿತು, ಪೈಪನ್ನು ಎಷ್ಟು ಮಳೆಗೆ ಲೆಕ್ಕ ಹಾಕಿದ್ದರು, ಎರಡನ್ನೂ ಅಕ್ಕಪಕ್ಕ ಇಟ್ಟು ನೋಡದ ವರದಿಯನ್ನು ನಾನು ನಂಬುವುದಿಲ್ಲ.

ಬಹಳ ಸಲ ಗುಟ್ಟು ಇರುವುದು ಪೈಪಿನ ಸುತ್ತಲ ಮಣ್ಣಿನಲ್ಲಿ. ಒಂದು ಜಾಯಿಂಟು ಸ್ವಲ್ಪ ಬಿಟ್ಟಿದೆ ಅಂದುಕೊಳ್ಳಿ. ಪೈಪು ತುಂಬಿ ಹರಿಯುವಾಗ ನೀರು ಆ ಸಂದಿಯಿಂದ ಹೊರಗೆ ನುಗ್ಗುತ್ತದೆ. ಮಳೆ ನಿಂತ ಮೇಲೆ ಅದೇ ನೀರು ವಾಪಸ್ ಒಳಗೆ ಬರುತ್ತದೆ, ಬರುವಾಗ ಸುತ್ತಲಿನ ನುಣ್ಣನೆ ಮರಳನ್ನೂ ಎಳೆದುಕೊಂಡು ಬರುತ್ತದೆ. ಪ್ರತಿ ಮಳೆಗೂ ಇಷ್ಟಿಷ್ಟೇ. ಮೇಲೆ ಡಾಂಬರು ನೆಟ್ಟಗೆ ಕಾಣುತ್ತದೆ, ಕೆಳಗೆ ಬರೀ ಪೊಳ್ಳು. ಪೈಪಿನೊಳಗೆ ಕ್ಯಾಮೆರಾ ಬಿಟ್ಟರೆ ಜಾಯಿಂಟಿನ ಬುಡದಲ್ಲಿ ಮರಳಿನ ಪುಟ್ಟ ಗುಪ್ಪೆ ಸಿಗುತ್ತದೆ. ಅದನ್ನು ‘ಹೂಳು’ ಅಂತ ಬರೆದು ಮುಂದೆ ಹೋಗುವವರೇ ಜಾಸ್ತಿ. ಪಕ್ಕದ ಮಣ್ಣಿನ ಸ್ಯಾಂಪಲ್ ಜೊತೆ ಹೋಲಿಸಿ ನೋಡಿ. ಅದು ರಸ್ತೆಯಿಂದ ಕೊಚ್ಚಿಕೊಂಡು ಬಂದದ್ದೋ, ಸಂದಿಯಿಂದ ಸೋರಿದ್ದೋ ಅನ್ನುವುದರ ಸುಳಿವು ಸಿಗುತ್ತದೆ.

ಬಿರುಕುಗಳನ್ನೂ ಸುಮ್ನೆ ಎಣಿಸಿದರೆ ಸಾಲದು, ಎಲ್ಲಿವೆ ಅಂತ ನೋಡಬೇಕು. ಕಾಂಕ್ರೀಟ್ ಪೈಪಿನ ಒಳಗೆ ನೆತ್ತಿಯಲ್ಲೂ ತಳದಲ್ಲೂ ಉದ್ದಕ್ಕೆ ಬಿರುಕಿದ್ದರೆ ಮೇಲಿನ ಭಾರ ತಡೆದಿಲ್ಲ. ಪೈಪನ್ನು ಸುತ್ತಿಕೊಂಡ ಬಿರುಕಾದರೆ ಕೆಳಗಿನ ಹಾಸು ಒಂದು ಕಡೆ ಕೂತಿರಬಹುದು. ಪ್ಲಾಸ್ಟಿಕ್ ಪೈಪಿನ ಕಥೆಯೇ ಬೇರೆ. ಎರಡೂ ಪಕ್ಕದ ಮಣ್ಣು ಗಟ್ಟಿಯಾಗಿ ಹಿಡಿದುಕೊಂಡರಷ್ಟೇ ಅದು ದುಂಡಗೆ ಉಳಿಯುತ್ತದೆ. ವ್ಯಾಸ ಶೇ. 5ಕ್ಕಿಂತ ಹೆಚ್ಚು ತಗ್ಗಬಾರದು ಅನ್ನುವುದು ಸಾಮಾನ್ಯವಾಗಿ ಇಟ್ಟುಕೊಳ್ಳುವ ಮಿತಿ. ಆದರೆ ಪೈಪಿನ ಹೊಟ್ಟೆಯ ಕೆಳಗಿನ ಸಂದಿಗೆ ದಮ್ಮಸ್ಸು ಯಂತ್ರ ಹೋಗುವುದಿಲ್ಲ. ಮಣ್ಣನ್ನು ಕೈಯಾರೆ ತುರುಕಿ ಗುದ್ದಬೇಕು. ಯಾರಿಗಿದೆ ಪುರುಸೊತ್ತು? ಸಾಲದ್ದಕ್ಕೆ, ಮೇಲೆ ಸಾಕಷ್ಟು ಮಣ್ಣು ಬೀಳುವ ಮೊದಲೇ ಕೆಲಸದ ಲಾರಿಗಳು ಅದರ ಮೇಲೆ ಓಡಾಡಿರುತ್ತವೆ.

ನೀರು ಹಿಡಿದಿಡುವ ನೆಲದಡಿಯ ಟ್ಯಾಂಕುಗಳಿಗೆ ಇನ್ನೊಂದು ಕಾಟ. ಒಳಗೆ ಖಾಲಿ, ಹೊರಗೆ ಅಂತರ್ಜಲ ಏರಿದೆ ಅಂದರೆ ಮುಳುಗಿದ ಒಂದೊಂದು ಘನ ಮೀಟರಿಗೂ ಸುಮಾರು 1000 ಕೆ.ಜಿ.ಯಷ್ಟು ಮೇಲ್ದಬ್ಬು. ಮೇಲಿನ ಮಣ್ಣು ಕಮ್ಮಿಯಿದ್ದರೆ ಟ್ಯಾಂಕೇ ಎದ್ದು ಬರುತ್ತದೆ.

ನನಗೆ ಸಿಟ್ಟು ಬರುವುದು ಆಮೇಲೆ ನಡೆಯುವುದಕ್ಕೆ. ಕಾರಣ ಹುಡುಕಿ ನೋಡುವವರು ಬರುವ ಮುಂಚೆಯೇ ಜೆಸಿಬಿ ಬಂದು ಎಲ್ಲವನ್ನೂ ಕಿತ್ತು ಗುಂಡಿ ಮುಚ್ಚಿಬಿಡುತ್ತದೆ. ಪೈಪು ಒಡೆದದ್ದು ನೆಲದಲ್ಲೋ, ಬಕೆಟ್ಟಿನ ಹಲ್ಲಿಗೆ ಸಿಕ್ಕೋ? ಹೇಳುವವರಿಲ್ಲ. ರಸ್ತೆ ಬೇಗ ಬಿಡಬೇಕು, ಒಪ್ಪಿದೆ. ಆದರೆ ಪದರ ಪದರವಾಗಿ ಅಗೆದು ಫೋಟೋ ತೆಗೆದು, ಒಂದೊಂದು ಪದರದ ಮಣ್ಣನ್ನು ಚೀಲಕ್ಕೆ ಹಾಕಿ, ಜಾಯಿಂಟು ಸೋರದಂತೆ ಹಾಕಿದ ರಬ್ಬರ್ ರಿಂಗನ್ನು ಎತ್ತಿಡುವುದಕ್ಕೆ ಎಷ್ಟು ಹೊತ್ತು ಬೇಕು? ಆ ರಿಂಗು ತನ್ನ ಜಾಗ ಬಿಟ್ಟು ಮಡಚಿಕೊಂಡಿದ್ದರೆ, ಪೈಪು ಕೂರಿಸಿದ ದಿನದ ಕೆಲಸವನ್ನೇ ಮೊದಲು ಕೆದಕಬೇಕು.